21 ದಿನಗಳ ಲೆಕ್ಕ

ಪಾಂಡವಪುರ ಬಸ್ ನಿಲ್ದಾಣದ ಎದುರಿನ ಟೀ ಅಂಗಡಿಯಲ್ಲಿ ಕ್ರಿಕೆಟ್ ಮಾತು ಯಾವ ದಾರಿ ಹಿಡಿದು ಹೊರಟರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ. ಧೋನಿ, ಪಂತ್, ನಮ್ಮ ರಾಹುಲ್ ಎಲ್ಲರನ್ನೂ ಜರಡಿ ಹಿಡಿದಾದ ಮೇಲೆ ಅರವತ್ತು ದಾಟಿದ ಯಾರಾದರೊಬ್ಬರು ಗ್ಲಾಸು ಕೆಳಗಿಟ್ಟು, "ಅವರ್ನೆಲ್ಲ ಬುಡ್ಲಾ, ಕೀಪರು ಅಂದ್ರೆ ನಮ್ ಸದಾನಂದ್ ವಿಶ್ವನಾಥು" ಅನ್ನುತ್ತಾರೆ. ಎರಡು ಕ್ಷಣ ಎಲ್ಲರೂ ಸುಮ್ಮನೆ. ಆಮೇಲೆ ತೀರ್ಪು ಬೀಳುತ್ತದೆ: "ಏನ್ಮಾಡೋದು, ಕೈಯಾರೆ ಹಾಳ್ಮಾಡ್ಕಂಡ." ಬೆಂಚಿನ ಮೇಲಿದ್ದವರು ಅಷ್ಟೂ ಜನ ತಲೆಯಾಡಿಸುತ್ತಾರೆ. ಟೀ ಕಾಸು ಕೊಟ್ಟು ಎದ್ದು ಹೋಗುತ್ತಾರೆ.

ಇದು ಪಾಂಡವಪುರದ್ದೊಂದೇ ತೀರ್ಪಲ್ಲ. ಕೃಷ್ಣರಾಜಪೇಟೆಯಲ್ಲಿ ಕೇಳಿದ್ದೇನೆ, ನಾಗಮಂಗಲದಲ್ಲಿ ಕೇಳಿದ್ದೇನೆ, ಶ್ರೀರಂಗಪಟ್ಟಣದ ಸ್ಟೇಷನ್ನಿನಲ್ಲಿ ಮೈಸೂರು ಗಾಡಿಗೆ ಕಾಯುತ್ತ ನಿಂತವರ ಬಾಯಲ್ಲೂ ಕೇಳಿದ್ದೇನೆ. ಬೆಂಗಳೂರಿನ ಪತ್ರಿಕೆಗಳಲ್ಲಿ ಇದೇ ಮಾತು ಸ್ವಲ್ಪ ಇಸ್ತ್ರಿ ಹಾಕಿಕೊಂಡು 'ಪ್ರತಿಭೆಯಿತ್ತು, ಶಿಸ್ತಿರಲಿಲ್ಲ' ಎಂದು ಬರುತ್ತದೆ. ನಲವತ್ತು ವರ್ಷದಿಂದ ಬರುತ್ತಲೇ ಇದೆ. ನಾನೂ ಎಷ್ಟೋ ಸಲ ತಲೆಯಾಡಿಸಿದವನೇ. ಇನ್ನು ಆಡಿಸುವುದಿಲ್ಲ. ಈ ತೀರ್ಪು ಸುಳ್ಳು. ಸುಳ್ಳಷ್ಟೇ ಅಲ್ಲ, ಸೋಮಾರಿ ತೀರ್ಪು. ಕೊಟ್ಟವರು ಯಾರೂ ಕಡತ ತೆರೆದು ನೋಡಿದವರಲ್ಲ.

ಮೊದಲು ನಾನು ಯಾವ ಕಡೆಯವನೆಂದು ಹೇಳಿಬಿಡುತ್ತೇನೆ. 1985ರ ಮಾರ್ಚ್ 10, ಭಾನುವಾರ. ರಾಮಕೃಷ್ಣ ಹೆಗಡೆ ಚುನಾವಣೆ ಗೆದ್ದು ಮತ್ತೆ ಮುಖ್ಯಮಂತ್ರಿಯಾಗಿ ಪ್ರಮಾಣ ವಚನ ಪಡೆದು ಎರಡು ದಿನವಾಗಿತ್ತು. ಊರಲ್ಲಿ ಅದೇ ಮಾತು ನಡೆಯಬೇಕಿತ್ತು, ನಡೆಯಲಿಲ್ಲ. ನಮ್ಮ ದೊಡ್ಡಪ್ಪನ ಆಲೆಮನೆಯಲ್ಲಿ ಗೂಟಕ್ಕೆ ಟ್ರಾನ್ಸಿಸ್ಟರ್ ನೇತುಹಾಕಿತ್ತು. ಮೆಲ್ಬರ್ನ್‌ನಲ್ಲಿ ಹೊನಲು ಬೆಳಕಿನ ಪಂದ್ಯ, ನಮಗೆ ಬೆಳಗಿನ ಹೊತ್ತು. ವಿಶ್ವ ಚಾಂಪಿಯನ್‌ಷಿಪ್ ಫೈನಲ್, ಎದುರಾಳಿ ಪಾಕಿಸ್ತಾನ. ಗಾಣದ ಎಂಜಿನ್ ಸದ್ದಿನಲ್ಲಿ ವೀಕ್ಷಕ ವಿವರಣೆ ಕೇಳುತ್ತಿರಲಿಲ್ಲ. ಕೇಳಿದರೂ ಇಂಗ್ಲಿಷೋ ಹಿಂದಿಯೋ. ಹೈಸ್ಕೂಲು ಹುಡುಗನಾದ ನಾನು ಕಿವಿ ಒತ್ತಿಟ್ಟು ಕೇಳಿ ಕನ್ನಡದಲ್ಲಿ ಕೂಗಬೇಕು, ಒಲೆಗೆ ಕಬ್ಬಿನ ಸಿಪ್ಪೆ ತಳ್ಳುವವನಿಂದ ಹಿಡಿದು ಕೊಪ್ಪರಿಗೆ ಮುಂದೆ ನಿಂತವನವರೆಗೆ ಎಲ್ಲರೂ ಕೇಳಿಸಿಕೊಳ್ಳಬೇಕು. ಅದು ಏರ್ಪಾಡು.

ಪಾಕಿಸ್ತಾನ 33 ರನ್ನಿಗೆ 4 ವಿಕೆಟ್ ಕಳೆದುಕೊಂಡಿತ್ತು. ಆದರೆ ಜಾವೇದ್ ಮಿಯಾಂದಾದ್ ನಿಂತಿದ್ದ. ಆತ ನಿಂತಿದ್ದರೆ ಪಂದ್ಯ ಮುಗಿದಿಲ್ಲ ಎಂದೇ ಅರ್ಥ. ಮರುವರ್ಷ ಶಾರ್ಜಾದಲ್ಲಿ ಚೇತನ್ ಶರ್ಮಾನ ಕೊನೆಯ ಚೆಂಡಿಗೆ ಸಿಕ್ಸರ್ ಹೊಡೆದು ಅದನ್ನು ನಮಗೆ ಸಾಯುವವರೆಗೂ ಮರೆಯದ ಹಾಗೆ ಕಲಿಸಿದ. "ಎಂಜಿನ್ ಆಫ್ ಮಾಡ್ರಲಾ" ಅಂದರು ದೊಡ್ಡಪ್ಪ. ಹಾಲು ಕುದಿಯುತ್ತಿರುವಾಗ ಗಾಣ ನಿಲ್ಲಿಸುವ ಮನುಷ್ಯ ಅವರಲ್ಲ. ನಿಲ್ಲಿಸಿದರು. ಆ ನಿಶ್ಶಬ್ದದಲ್ಲಿ ಕೇಳಿದ್ದು ಶಿವರಾಮಕೃಷ್ಣನ್ ಹೆಸರು, ಜನರ ಹೋ ಎಂಬ ಕೂಗು, ಆಮೇಲೆ 'ಸ್ಟಂಪ್ಡ್'. ಮಿಯಾಂದಾದ್ 48. ಸ್ಟಂಪ್ ಮಾಡಿದವರು ವಿಶ್ವನಾಥ್. "ಗುಂಡಪ್ಪ ವಿಶ್ವನಾಥಾ?" ಅಂತ ಒಲೆ ಕಡೆಯಿಂದ ಯಾರೋ ಕೇಳಿದರು. "ಇದು ಬೇರೆ ಕಣಣ್ಣೋ, ಕೀಪರ್ ವಿಶ್ವನಾಥು, ಬೆಂಗಳೂರಿನೋನು" ಎಂದು ಕೂಗಿದೆ. ಆ ಪಾಕ ಸ್ವಲ್ಪ ಹತ್ತಿತು. ಬೆಲ್ಲ ಕಪ್ಪಗಾಯಿತು. ದೊಡ್ಡಪ್ಪ ಬೈಯಲಿಲ್ಲ.

ಭಾರತ 8 ವಿಕೆಟ್‌ಗಳಿಂದ ಗೆದ್ದಿತು. ಸುನಿಲ್ ಗವಾಸ್ಕರ್ ನಾಯಕತ್ವದಲ್ಲಿ ಆಡಿದ ಐದಕ್ಕೆ ಐದೂ ಪಂದ್ಯ ಗೆದ್ದು ಬಂದ ತಂಡ ಅದು. ರವಿ ಶಾಸ್ತ್ರಿಗೆ ಆಡಿ ಕಾರು ಸಿಕ್ಕಿತು, ಇಡೀ ತಂಡ ಅದರ ಮೇಲೆ ಹತ್ತಿ ಮೈದಾನ ಸುತ್ತಿತು. ಆದರೆ ಆ ಸರಣಿಯನ್ನು ಬಲ್ಲವರಿಗೆ ಇನ್ನೊಂದು ಲೆಕ್ಕ ಗೊತ್ತು. ಸಿಡ್ನಿಯಲ್ಲಿ ಇಂಗ್ಲೆಂಡ್ 149ಕ್ಕೆ ಉರುಳಿದಾಗ ವಿಶ್ವನಾಥ್ ಒಬ್ಬರೇ ಐವರನ್ನು ಬಲಿ ತೆಗೆದುಕೊಂಡಿದ್ದರು, ಮೂರು ಕ್ಯಾಚು, ಎರಡು ಸ್ಟಂಪಿಂಗು. ಏಕದಿನ ತಂಡಕ್ಕೆ ಬಂದು ಎರಡು ತಿಂಗಳೂ ಆಗಿರದ 22ರ ಹುಡುಗ. ಲೆಗ್ ಸ್ಪಿನ್ನಿಗೆ ಸ್ಟಂಪಿಗೆ ಆತು ನಿಂತು, ಚೆಂಡು ಬ್ಯಾಟ್ಸ್‌ಮನ್ನನ ಮೈಮರೆಯಲ್ಲಿ ಕಾಣದೇ ಹೋದಾಗಲೂ ಅದು ಎಲ್ಲಿ ಬಂದು ಬೀಳುತ್ತದೆ ಎಂದು ಕೈಗೆ ಮೊದಲೇ ಗೊತ್ತಿರಬೇಕು. ಅದು ಕಲಿಸಿದರೆ ಬರುವ ವಿದ್ಯೆಯಲ್ಲ, ಆದರೆ ಕಲಿಯದೇ ಬರುವಂಥದ್ದೂ ಅಲ್ಲ. ಶಿಸ್ತಿಲ್ಲದ ಮನುಷ್ಯನಿಗೆ ಬರುವ ವಿದ್ಯೆಯಂತೂ ಖಂಡಿತ ಅಲ್ಲ. ಇದನ್ನು ಇಲ್ಲಿಗೇ ಇಟ್ಟಿರುತ್ತೇನೆ, ಮತ್ತೆ ಬರುತ್ತೇನೆ.

ಈಗ ಕಡತ. ಸದಾನಂದ್ ವಿಶ್ವನಾಥ್ ಟೆಸ್ಟ್ ಆಡಿದ್ದು 3. ಮೂರೂ ಒಂದೇ ಸರಣಿಯಲ್ಲಿ, ಶ್ರೀಲಂಕಾದಲ್ಲಿ. ಮೊದಲನೆಯದು ಶುರುವಾದದ್ದು 1985ರ ಆಗಸ್ಟ್ 30ಕ್ಕೆ, ಕೊನೆಯದು ಮುಗಿದದ್ದು ಸೆಪ್ಟೆಂಬರ್ 19ಕ್ಕೆ. ಎಣಿಸಿ ನೋಡಿ, ಒಟ್ಟು 21 ದಿನ. ನಮ್ಮ ಕಡೆ ಭತ್ತದ ಪೈರು ಒಟ್ಟಲಿನಿಂದ ಕಿತ್ತು ನಾಟಿ ಹಾಕಲಿಕ್ಕೂ ಸುಮಾರು ಇಷ್ಟು ದಿನ ಕಾಯುತ್ತೇವೆ. ಅಷ್ಟರಲ್ಲಿ ಅವರ ಟೆಸ್ಟ್ ಜೀವನ ಹುಟ್ಟಿ, ಬೆಳೆದು, ಮುಗಿದೂ ಹೋಯಿತು. 11 ಕ್ಯಾಚು, 31 ರನ್ನು, ಸರಾಸರಿ 6.20. ಆ ವರ್ಷದ ಕೊನೆಯ ಆಸ್ಟ್ರೇಲಿಯಾ ಪ್ರವಾಸದಲ್ಲಿ ಕಿರ್ಮಾನಿ ಮತ್ತೆ ಗ್ಲೌಸು ತೊಟ್ಟರು, 1986ರ ಇಂಗ್ಲೆಂಡ್ ಪ್ರವಾಸಕ್ಕೆ ಕಿರಣ್ ಮೋರೆ ಬಂದರು. ಮೋರೆ 49 ಟೆಸ್ಟ್ ಆಡಿದರು. ಸದಾನಂದ್ ಏಕದಿನದಲ್ಲಿ ಇನ್ನೆರಡು ವರ್ಷ ಆಗೊಮ್ಮೆ ಈಗೊಮ್ಮೆ ಕಾಣಿಸಿಕೊಂಡು 22 ಪಂದ್ಯಕ್ಕೆ ನಿಂತರು.

21 ದಿನದಲ್ಲಿ ಒಬ್ಬ ಮನುಷ್ಯ ಏನನ್ನು ತಾನೇ ಕೈಯಾರೆ ಹಾಳು ಮಾಡಿಕೊಳ್ಳಬಲ್ಲ? ಹಾಳು ಮಾಡಿಕೊಳ್ಳಲಿಕ್ಕೆ ಮೊದಲು ಕೈಗೊಂದು ಕೊಡಬೇಕಲ್ಲವೇ?

ತೀರ್ಪಿನ ಪರ ಇರುವವರಲ್ಲಿ ಸ್ವಲ್ಪ ಓದಿಕೊಂಡವರು ಇಲ್ಲಿ ಅಡ್ಡ ಬರುತ್ತಾರೆ. "6.20 ಸರಾಸರಿ ಇಟ್ಕೊಂಡು ಯಾರ್ ತಗೋತಾರೆ ಸಾರ್?" ಒಪ್ಪಿದೆ, 6.20 ಕೆಟ್ಟ ಸರಾಸರಿ. ಆದರೆ ಅದೇ ಶ್ರೀಲಂಕಾದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಮಾರ್ವನ್ ಅಟಪಟ್ಟು ಎಂಬ ಬ್ಯಾಟ್ಸ್‌ಮನ್, ನೆನಪಿರಲಿ, ಕೀಪರಲ್ಲ, ರನ್ನು ಹೊಡೆಯುವುದೇ ಕೆಲಸವಾಗಿದ್ದವನು, ತನ್ನ ಮೊದಲ 3 ಟೆಸ್ಟ್‌ಗಳಲ್ಲಿ ಮಾಡಿದ್ದು ಒಟ್ಟು 1 ರನ್. ಆರು ಇನ್ನಿಂಗ್ಸ್‌ನಲ್ಲಿ ಐದು ಸೊನ್ನೆ. 1990ರಿಂದ 1994ರವರೆಗೆ ಹೀಗೇ ನಡೆಯಿತು. ತೆಗೆದರು, ಮತ್ತೆ ಕರೆದರು, ಮತ್ತೆ ತೆಗೆದರು, ಮತ್ತೆ ಕರೆದರು. ಆತ 90 ಟೆಸ್ಟ್ ಆಡಿದ, 6 ದ್ವಿಶತಕ ಬಾರಿಸಿದ, ನಾಯಕನೂ ಆದ. ಮೂರು ಟೆಸ್ಟಿಗೆ 1 ರನ್ ಮಾಡಿದವನ ಕಥೆ ಛಲದ ಪಾಠವಾಗುತ್ತದೆ. ಮೂರು ಟೆಸ್ಟಿಗೆ 31 ರನ್ ಮಾಡಿ 11 ಕ್ಯಾಚು ಹಿಡಿದವನ ಕಥೆ ಶಿಸ್ತುಗೇಡಿತನದ ಪಾಠವಾಗುತ್ತದೆ. ಇಬ್ಬರ ನಡುವೆ ಇರುವ ವ್ಯತ್ಯಾಸ ಒಂದೇ: ಒಬ್ಬನನ್ನು ಮತ್ತೆ ಕರೆದರು. ಕರೆಯುವ ಅಧಿಕಾರ ಯಾರ ಕೈಯಲ್ಲಿತ್ತು? ಆಟಗಾರನ ಕೈಯಲ್ಲಂತೂ ಅಲ್ಲ. ಮತ್ತೆ 'ಕೈಯಾರೆ' ಅಂದರೆ ಯಾರ ಕೈ?

ಸದಾನಂದ್ ಆಡಿದ ಆ ಸರಣಿಯ ಎರಡನೇ ಟೆಸ್ಟನ್ನು ಭಾರತ 149 ರನ್ನಿನಿಂದ ಸೋತಿತು. ಶ್ರೀಲಂಕಾ ಟೆಸ್ಟ್ ಆಡಲು ಬಂದ ಮೇಲೆ ಗೆದ್ದ ಮೊದಲ ಪಂದ್ಯ ಅದು. ಆ ತಂಡದಲ್ಲಿ ಗವಾಸ್ಕರ್ ಇದ್ದರು, ವೆಂಗ್‌ಸರ್ಕಾರ್ ಇದ್ದರು, ನಾಯಕರಾಗಿ ಕಪಿಲ್ ದೇವ್ ಇದ್ದರು. ದೊಡ್ಡವರೆಲ್ಲ ಸೋತ ಸರಣಿ. ದೊಡ್ಡವರಿಗೆ ಅದು ಒಂದು ಕೆಟ್ಟ ಸರಣಿ, ಅಷ್ಟೇ. ಹೊಸಬನಿಗೆ ಅದೇ ಇಡೀ ಜೀವಮಾನ.

ಇನ್ನು ಈ 'ಶಿಸ್ತು'. ಮೇಲೆ ಇಟ್ಟುಬಂದಿದ್ದ ಮಾತಿಗೆ ಬಂದೆ. ಮಾರ್ಚ್ ತಿಂಗಳಲ್ಲಿ ಸದಾನಂದ್ ಸ್ಟಂಪಿನ ಹಿಂದೆ ಕೂಗುತ್ತಿದ್ದರು, ಕುಣಿಯುತ್ತಿದ್ದರು, ಬೌಲರನ್ನು ಹುರಿದುಂಬಿಸುತ್ತಿದ್ದರು, ಗಂಟಲು ಕಿತ್ತುಹೋಗುವ ಹಾಗೆ ಅಪೀಲು ಮಾಡುತ್ತಿದ್ದರು. ಆಗ ನಾವೆಲ್ಲ ಅದಕ್ಕೆ ಕೊಟ್ಟ ಹೆಸರು 'ಚುರುಕು'. ಗವಾಸ್ಕರ್‌ರಂಥ ಲೆಕ್ಕಾಚಾರದ ನಾಯಕರೇ ಆ ಗೆಲುವಿನಲ್ಲಿ ಅವರ ಪಾಲು ದೊಡ್ಡದೆಂದು ಮೆಚ್ಚಿದರು. ತಂಡದಿಂದ ಹೊರಬಿದ್ದ ಮೇಲೆ ಅದೇ ಗುಣಕ್ಕೆ ನಾವು ಬೇರೆ ಹೆಸರು ಹುಡುಕಿದೆವು. ಚುರುಕು ಹೋಗಿ 'ದುಡುಕು' ಆಯಿತು, ಉತ್ಸಾಹ ಹೋಗಿ 'ಅತಿ' ಆಯಿತು. ಅಡ್ಡಾಡಿದ್ದು, ನಕ್ಕದ್ದು, ಕೂದಲು ಬಿಟ್ಟದ್ದು ಎಲ್ಲವೂ ಪುರಾವೆಯಾಯಿತು. ಮನುಷ್ಯ ಬದಲಾಗಿರಲಿಲ್ಲ. ಫಲಿತಾಂಶ ಬದಲಾಗಿತ್ತು. ನಾವು ಫಲಿತಾಂಶದಿಂದ ಹಿಂದಕ್ಕೆ ನಡೆದು ಗುಣವನ್ನು ಕಂಡುಹಿಡಿದೆವು. ಶ್ರೀರಂಗಪಟ್ಟಣಕ್ಕೆ ಬರುವ ಪ್ರವಾಸಿಗಳಿಗೆ ಗೈಡು ಟಿಪ್ಪುವಿನ ಕಥೆಯನ್ನು ಹೆಣ ಸಿಕ್ಕಿದ ಜಾಗದಿಂದ ಶುರುಮಾಡುತ್ತಾನೆ. 1799ರ ಮೇ 4ರಿಂದ ಹಿಂದಕ್ಕೆ ಹೋದರೆ ಎಲ್ಲವೂ ಆ ದಿನಕ್ಕಾಗಿಯೇ ನಡೆದ ಹಾಗೆ ಕಾಣುತ್ತದೆ. ಆಟಗಾರರ ಕಥೆಯನ್ನೂ ನಾವು ಹೆಣ ಸಿಕ್ಕಿದ ಜಾಗದಿಂದಲೇ ಹೇಳುವುದು.

ಹೋಗಲಿ, ಶಿಸ್ತುಗೇಡಿತನಕ್ಕೆ ಸಾಕ್ಷಿ ಏನಪ್ಪ ಎಂದು ಟೀ ಅಂಗಡಿಯಲ್ಲಿ ಕೇಳಿ ನೋಡಿದ್ದೇನೆ. "ಅಂಗಂತಾರಪ್ಪ." ಯಾರು? "ಎಲ್ರೂವೆ." ಎಲ್ಲರೂ ಅಂದರೆ ಯಾರು? "ಗೊತ್ತಿರೋರು." ಗೊತ್ತಿರುವವರು ಯಾರೂ ಆ ಬೆಂಚಿನ ಮೇಲೆ ಎಂದೂ ಕೂತಿಲ್ಲ. ಸದಾನಂದ್ ಒಂದೂ ತಪ್ಪು ಮಾಡದ ಮನುಷ್ಯ ಎಂದು ನಾನೇನೂ ವಕಾಲತ್ತು ಹಾಕುತ್ತಿಲ್ಲ. ಇಪ್ಪತ್ತೆರಡರಲ್ಲಿ ತಪ್ಪು ಮಾಡದವರು ಯಾರು? ತಪ್ಪು ಮಾಡಿಯೂ ಹತ್ತು ವರ್ಷ ಆಡಿದವರ ಪಟ್ಟಿ ನನ್ನ ಹತ್ತಿರ ಬೇಕಾದಷ್ಟು ಉದ್ದ ಇದೆ, ನಿಮ್ಮ ಹತ್ತಿರವೂ ಇದೆ. ಅವರು ರನ್ನು ಹೊಡೆದರೆ ತಪ್ಪು 'ಖಯಾಲಿ' ಎನ್ನಿಸಿಕೊಳ್ಳುತ್ತದೆ.

ಟೀ ಅಂಗಡಿಯವರು ಹೇಳದೆ ಬಿಡುವ ಒಂದು ವಿಷಯ ಇದೆ. ಆ ವರ್ಷಗಳಲ್ಲೇ ಸದಾನಂದ್ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡರು. ಅದನ್ನು ಕೆದಕುವ ಹಕ್ಕು ನನಗಿಲ್ಲ. ಆದರೆ ನಮ್ಮ ಊರುಗಳ ರೀತಿ ನನಗೆ ಗೊತ್ತು. ಸಾವಾದ ಮನೆಯ ಗದ್ದೆಯಲ್ಲಿ ಆ ವರ್ಷ ಕಳೆ ಬೆಳೆದಿದ್ದರೆ ಯಾರೂ ಬದುವಿನ ಮೇಲೆ ನಿಂತು 'ಇವನಿಗೆ ಬೇಸಾಯದಲ್ಲಿ ಶಿಸ್ತಿಲ್ಲ' ಅನ್ನುವುದಿಲ್ಲ. ಪಕ್ಕದ ಗದ್ದೆಯವರೇ ಒಂದು ದಿನ ಆಳು ಕರೆದುಕೊಂಡು ಬಂದು ಕಳೆ ಕಿತ್ತುಕೊಟ್ಟು ಹೋಗುತ್ತಾರೆ. ಇಷ್ಟು ಲೋಕಜ್ಞಾನ ಇರುವ ಜನ ಒಬ್ಬ ಆಟಗಾರನ ವಿಷಯಕ್ಕೆ ಬಂದಾಗ ಹೇಗೆ ಅದನ್ನು ಕಳಚಿ ಗೂಟಕ್ಕೆ ನೇತುಹಾಕಿಬಿಡುತ್ತಾರೆ? ಆತನ ಮನೆ ನಮಗೆ ಕಾಣುವುದಿಲ್ಲ, ಮೈದಾನ ಮಾತ್ರ ಕಾಣುತ್ತದೆ, ಅದಕ್ಕೇ ಇರಬೇಕು.

ಕಾಸಿನ ಮಾತೂ ಹಾಗೆಯೇ. ಈಗಿನ ಹುಡುಗರು ಕೇಂದ್ರ ಗುತ್ತಿಗೆ, ಐಪಿಎಲ್ ಹರಾಜು, ಫಿಸಿಯೋ, ಮನಶ್ಶಾಸ್ತ್ರಜ್ಞ ಇವನ್ನೆಲ್ಲ ನೋಡಿ ಬೆಳೆದವರು. ಹಿಂದೆಯೂ ಹೀಗೇ ಇತ್ತೆಂದು ತಿಳಿದಿದ್ದಾರೆ. ಮಂಡಳಿಯ ವಾರ್ಷಿಕ ಗುತ್ತಿಗೆ ಬಂದದ್ದು 2000ದ ಈಚೆಗೆ. ಹಳೆಯ ಆಟಗಾರರಿಗೆ ತಿಂಗಳ ಪಿಂಚಣಿ ಅಂತ ಏನಾದರೂ ಬಂದದ್ದೂ ಆಮೇಲೆಯೇ. 1985ರಲ್ಲಿ ಆಡಿದರೆ ಪಂದ್ಯದ ಸಂಭಾವನೆ, ಆಡದಿದ್ದರೆ ಬ್ಯಾಂಕಿನ ಕೆಲಸ ನೋಡಿಕೋ, ಅಷ್ಟೇ. ಬೆರಳು ಮುರಿದರೆ, ಮನಸ್ಸು ಮುರಿದರೆ, ಮನೆ ಮುರಿದರೆ ನಿನ್ನ ಪಾಡು ನಿನಗೆ. ಹೊರಗೆ ಬಿದ್ದವನನ್ನು ಮತ್ತೆ ಒಳಗೆ ಕರೆದುಕೊಳ್ಳುವ ದಾರಿ ಎಂಬುದೇ ಇರದ ಕಾಲದಲ್ಲಿ 'ಯಾಕೆ ವಾಪಸು ಬರಲಿಲ್ಲ' ಎಂದು ಕೇಳುವುದು ಸೇತುವೆ ಕೊಚ್ಚಿಹೋದ ಹೊಳೆಯ ಆಚೆ ನಿಂತವನನ್ನು ಸೋಮಾರಿ ಎಂದ ಹಾಗೆ.

ಒಬ್ಬರ ಕಥೆಯಾಗಿದ್ದರೆ ನಾನು ಇಷ್ಟು ಕೂಗಾಡುತ್ತಿರಲಿಲ್ಲ. ಆ ಫೈನಲ್ಲಿನ ಸ್ಕೋರ್ ಕಾರ್ಡಿನಲ್ಲಿ ಮಿಯಾಂದಾದ್ ಹೆಸರಿನ ಮುಂದೆ ಎರಡು ಹೆಸರಿವೆ. ಸ್ಟಂಪ್ ಮಾಡಿದ ವಿಶ್ವನಾಥ್, ಬೌಲ್ ಮಾಡಿದ ಲಕ್ಷ್ಮಣ್ ಶಿವರಾಮಕೃಷ್ಣನ್. ಶಿವರಾಮಕೃಷ್ಣನ್ 17ಕ್ಕೇ ಟೆಸ್ಟ್ ಆಡಿದವರು, 1984ರಲ್ಲಿ ಮುಂಬೈಯಲ್ಲಿ ಇಂಗ್ಲೆಂಡ್ ವಿರುದ್ಧ ಒಂದೇ ಟೆಸ್ಟಿನಲ್ಲಿ 12 ವಿಕೆಟ್ ಕಿತ್ತವರು. 1986ರ ಜನವರಿಯಲ್ಲಿ ಅವರ ಟೆಸ್ಟ್ ಬದುಕೂ ಮುಗಿಯಿತು. ಒಟ್ಟು 9 ಟೆಸ್ಟ್. ವಯಸ್ಸು ಆಗಷ್ಟೇ 20. ಒಂದೇ ಸಾಲಿನಲ್ಲಿ ಅಚ್ಚಾದ ಇಬ್ಬರೂ ಹತ್ತೇ ತಿಂಗಳಲ್ಲಿ ಟೆಸ್ಟ್ ಕ್ರಿಕೆಟ್‌ನಿಂದ ಕಾಣೆ. ಚೆನ್ನೈಯವರ ಬಾಯಲ್ಲೂ ಇದೇ ತೀರ್ಪು, ಭಾಷೆ ಬೇರೆ ಅಷ್ಟೇ. ತನ್ನ ಮೈಬಣ್ಣಕ್ಕಾಗಿ ಜೀವಮಾನವೆಲ್ಲ ಹೀಯಾಳಿಕೆ ಉಂಡೆ ಎಂದು ಅವರು 2021ರಲ್ಲಿ ಬಾಯಿಬಿಟ್ಟು ಹೇಳಿದರು. ತೀರ್ಪು ಕೊಟ್ಟವರಿಗೆ ಆ ಮೂವತ್ತೈದು ವರ್ಷದಲ್ಲಿ ಕೇಳಬೇಕೆಂದು ಹೊಳೆದಿರಲಿಲ್ಲ. ಇತ್ತ ನಮ್ಮ ಕೃಷ್ಣರಾಜಪೇಟೆ ತಾಲ್ಲೂಕಿನ ಮಂದಗೆರೆಯಲ್ಲಿ ರೈಲು ಹತ್ತಿದರೆ ಹೊಳೆನರಸೀಪುರ, ಹಾಸನ ದಾಟಿ ಅರಸೀಕೆರೆ. ಡೇವಿಡ್ ಜಾನ್ಸನ್ ಹುಟ್ಟಿದ ಊರು. 1996ರಲ್ಲಿ ಎರಡು ಟೆಸ್ಟ್, ಒಂದು ದೆಹಲಿಯಲ್ಲಿ, ಒಂದು ಡರ್ಬನ್‌ನಲ್ಲಿ. ಅಷ್ಟಕ್ಕೇ ಮುಗಿಯಿತು. 2024ರ ಜೂನ್‌ನಲ್ಲಿ ಅವರು ತೀರಿಕೊಂಡ ದಿನವೂ ಬೆಂಚಿನ ಮೇಲೆ ತೀರ್ಪು ಸಿದ್ಧವಿತ್ತು. ಆ ದಿನ ನಾನು ಟೀ ಕುಡಿಯದೆ ಎದ್ದು ಬಂದೆ.

ಇಲ್ಲಿ ನಮ್ಮದೇ ಒಬ್ಬ ಹುಡುಗನ ವಿಷಯ ಹೇಳಬೇಕು. ಹೆಸರು ಬೇಡ, ನಾಗಮಂಗಲ ಕಡೆಯವನು, ನನಗಿಂತ ಎರಡು ವರ್ಷ ಚಿಕ್ಕವನು. ಸದಾನಂದ್‌ರ ಹುಚ್ಚು ಹಿಡಿದು ಕೀಪರ್ ಆದವನು. ಕಾಲೇಜು ತಂಡದಲ್ಲಿ ಅವನ ಗ್ಲೌಸುಗಳನ್ನು ನೋಡಿದವರು ಮರೆಯುವುದಿಲ್ಲ. ಮೈಸೂರಿನಲ್ಲಿ ಯಾರೋ ಆಡಿ ಬಿಟ್ಟದ್ದನ್ನು ಅರ್ಧ ಬೆಲೆಗೆ ತಂದಿದ್ದ. ಅಂಗೈ ಮೇಲಿನ ರಬ್ಬರಿನ ಗುಳ್ಳೆಗಳು ಸವೆದು ನುಣ್ಣಗಾಗಿದ್ದವು. ಪಂಕ್ಚರ್ ಅಂಗಡಿಯಲ್ಲಿ ಸೈಕಲ್ ಟ್ಯೂಬು ಕತ್ತರಿಸಿ, ಗೀಚಿ, ಸಲ್ಯೂಷನ್ ಹಚ್ಚಿ ಅಂಗೈಗೆ ಅಂಟಿಸಿದ್ದ. ಬಿಸಿಲೇರಿದ ಮೇಲೆ ಅದು ಅಂಟಂಟಾಗಿ ಚೆಂಡನ್ನು ಕಚ್ಚಿಕೊಳ್ಳುತ್ತಿತ್ತು. "ಬೆಳಿಗ್ಗೆ ಕ್ಯಾಚು ಬಂದ್ರೆ ಕಷ್ಟ, ಮಧ್ಯಾಹ್ನ ಬಂದ್ರೆ ಬಿಡೋ ಮಾತೇ ಇಲ್ಲ" ಅನ್ನುತ್ತಿದ್ದ. ಒಳಗೆ ತೊಡಲು ಅವನ ಅಮ್ಮ ಹಳೆಯ ಬನಿಯನ್ ಕತ್ತರಿಸಿ ಕೈಚೀಲ ಹೊಲಿದು ಕೊಟ್ಟಿದ್ದರು. ಆ ಗ್ಲೌಸಿನಲ್ಲಿ ಅವನು ಸ್ಪಿನ್ನಿಗೆ ಸ್ಟಂಪಿಗೆ ಆತು ನಿಂತರೆ ಬ್ಯಾಟ್ಸ್‌ಮನ್ ಕಾಲೆತ್ತಲು ಹೆದರುತ್ತಿದ್ದ.

ಮೈಸೂರಿನಲ್ಲಿ ವಿಶ್ವವಿದ್ಯಾಲಯ ತಂಡದ ಆಯ್ಕೆ. ಬೆಳಿಗ್ಗೆ ಎಂಟಕ್ಕೆ ಮೈದಾನದಲ್ಲಿ ಇರಬೇಕು. ಅವನ ಊರಿಂದ ಮೊದಲ ಬಸ್ಸು ಆರಕ್ಕೆ. ಆ ದಿನ ಬಸ್ಸು ಬರಲಿಲ್ಲ. ಲಾರಿ, ಟೆಂಪೊ ಹತ್ತಿ ಇಳಿದು ತಲುಪುವ ಹೊತ್ತಿಗೆ ಹನ್ನೊಂದಾಗಿತ್ತು. ಹೆಸರು ಕೂಗಿ ಆಗಿತ್ತು. ಮರುವರ್ಷ ಅವನ ಅಪ್ಪ ಹಾಸಿಗೆ ಹಿಡಿದರು, ಕಬ್ಬಿನ ದುಡ್ಡು ಬರುವುದು ತಡವಾಯಿತು, ಅವನು ಕಾಲೇಜಿಗೇ ಬರಲಿಲ್ಲ. ಊರು ಏನಂದಿತು? "ಒಳ್ಳೆ ಕೈಯಿತ್ತು, ಕಳ್ಕಂಡ." ಇದನ್ನು ನಾನೇ ಕಿವಿಯಾರೆ ಕೇಳಿದ್ದೇನೆ, ಅವನ ಎದುರಿನಲ್ಲೇ. ಎಷ್ಟೋ ವರ್ಷದ ಮೇಲೆ ಒಂದು ಮದುವೆ ಪಂಕ್ತಿಯಲ್ಲಿ ಪಕ್ಕ ಕೂತಾಗ ಕೇಳಿದೆ, ಬೇಜಾರಾಗುವುದಿಲ್ಲವೇನೋ ಎಂದು. ಮುದ್ದೆ ಮುರಿಯುತ್ತ ಹೇಳಿದ: "ಬಸ್ಸು ಬರ್ಲಿಲ್ಲ ಕಣಣ್ಣ. ಬಸ್ಸು ಬರ್ಲಿಲ್ಲ ಅಂತ ಯಾರೂ ಅನ್ನಾಕಿಲ್ಲ ನೋಡು."

ಅದನ್ನು ಯಾಕೆ ಯಾರೂ ಅನ್ನುವುದಿಲ್ಲ? ಅಂದರೆ ಬಸ್ಸಿನ ಬಗ್ಗೆ ಯೋಚಿಸಬೇಕಾಗುತ್ತದೆ. ಆಯ್ಕೆಗೆ ಬಂದವನನ್ನು ಮೂರು ಗಂಟೆ ತಡವಾದರೂ ಒಂದು ಓವರ್ ನೋಡಬಹುದಿತ್ತಲ್ಲ ಎಂದು ಕೇಳಬೇಕಾಗುತ್ತದೆ. 'ಅವನೇ ಕಳ್ಕಂಡ' ಅಂದುಬಿಟ್ಟರೆ ಟೀ ಕಾಸು ಕೊಟ್ಟು ಎದ್ದು ಹೋಗಬಹುದು. ಮಂಡಳಿಗೂ ಇದು ಅನುಕೂಲ, ಆಯ್ಕೆದಾರರಿಗೂ ಅನುಕೂಲ, ಗೆದ್ದಾಗ ಹೆಗಲ ಮೇಲೆ ಹೊತ್ತು ಬಿದ್ದಾಗ ತಿರುಗಿ ನೋಡದ ನಮಗಂತೂ ಎಲ್ಲಕ್ಕಿಂತ ಅನುಕೂಲ.

ಇದನ್ನು ಹೇಳಿದ ಕೂಡಲೇ ಇನ್ನೊಂದು ಗುಂಪು ನನ್ನ ಬೆನ್ನು ತಟ್ಟಲು ಬರುತ್ತದೆ. "ಸರಿಯಾಗ್ ಹೇಳಿದ್ರಿ ಸಾರ್, ಕರ್ನಾಟಕದೋನು ಅಂತ ತುಳಿದ್ರು." ದಯವಿಟ್ಟು ಬೇಡ. ಸದಾನಂದ್ ಜಾಗಕ್ಕೆ ಮರಳಿದ ಸೈಯದ್ ಕಿರ್ಮಾನಿ ಯಾವ ರಾಜ್ಯದವರು? 88 ಟೆಸ್ಟ್ ಆಡಿದ, 1983ರ ವಿಶ್ವಕಪ್ಪಿನಲ್ಲಿ ಅತ್ಯುತ್ತಮ ಕೀಪರ್ ಎನಿಸಿಕೊಂಡ ಕಿರ್ಮಾನಿ ನಮ್ಮವರೇ. ನಿಜ ಹೇಳಬೇಕೆಂದರೆ ಸದಾನಂದ್‌ಗೆ ಇದ್ದ ದೊಡ್ಡ ಅಡಚಣೆಗಳಲ್ಲಿ ಅದೂ ಒಂದು: ದೇಶದ ಅತ್ಯುತ್ತಮ ಕೀಪರ್ ತನ್ನ ರಾಜ್ಯದಲ್ಲೇ ಇದ್ದದ್ದು. ಮೂರನೆಯ ಗುಂಪಿನವರು 'ಅಯ್ಯೋ ಪಾಪ' ಎನ್ನುವವರು. ಇವರ ಮೇಲೆ ನನಗೆ ಇನ್ನೂ ಸಿಟ್ಟು. ಹಾಳು ಮಾಡಿಕೊಂಡ ಎನ್ನುವವನು ತಪ್ಪಾದರೂ ಆಟಗಾರನನ್ನು ಮನುಷ್ಯನೆಂದು ಎಣಿಸುತ್ತಾನೆ. ಅಯ್ಯೋ ಪಾಪ ಎನ್ನುವವನು ಬದುಕಿರುವವನಿಗೆ ತಿಥಿ ಮಾಡುತ್ತಾನೆ.

ಯಾಕೆಂದರೆ ಎರಡೂ ಗುಂಪಿನವರು ಅವರ ಕಥೆಯನ್ನು ಬೌಂಡರಿ ಗೆರೆಯಲ್ಲಿ ನಿಲ್ಲಿಸಿಬಿಡುತ್ತಾರೆ. ಆಮೇಲೆ ಸದಾನಂದ್ ವಿಶ್ವನಾಥ್ ಮಾಡಿದ್ದೇನು ಗೊತ್ತೇ? ಅಂಪೈರ್ ಆದರು. ನಿಯಮದ ಪುಸ್ತಕ ಓದಿ, ಪರೀಕ್ಷೆ ಕಟ್ಟಿ, ದೇಶದ ಪ್ರಥಮ ದರ್ಜೆ ಪಂದ್ಯಗಳಲ್ಲಿ ವರ್ಷಗಟ್ಟಲೆ ನಿಂತರು. ಅಂಪೈರ್ ಕೆಲಸ ಅಂದರೆ ಏನು? ಬೆಳಗಿನಿಂದ ಸಂಜೆಯವರೆಗೆ ಬಿಸಿಲಲ್ಲಿ ನಿಲ್ಲಬೇಕು. ಪ್ರತಿ ಚೆಂಡಿಗೂ ಕಣ್ಣು, ಕಿವಿ, ಮನಸ್ಸು ಮೂರೂ ಅಲ್ಲೇ ಇರಬೇಕು. ಒಂದು ಇಡೀ ದಿನದಲ್ಲಿ 540 ಚೆಂಡು. ಸರಿಯಾಗಿ ಮಾಡಿದರೆ ಯಾರಿಗೂ ನೆನಪಿರುವುದಿಲ್ಲ, ತಪ್ಪು ಮಾಡಿದರೆ ಇಡೀ ದೇಶ ಬೈಯುತ್ತದೆ. ಗಂಟಲು ಕಿತ್ತುಹೋಗುವಂತೆ ಅಪೀಲು ಮಾಡುತ್ತಿದ್ದ ಮನುಷ್ಯ ಬಿಳಿ ಕೋಟು ಹಾಕಿಕೊಂಡು, ಬಾಯಿ ಮುಚ್ಚಿಕೊಂಡು, ಬೇರೆ ಹುಡುಗರ ಅಪೀಲುಗಳನ್ನು ಕೇಳಿಸಿಕೊಂಡು ತೂಗಿ ನೋಡುತ್ತ ನಿಂತದ್ದು. ಕ್ರಿಕೆಟ್ಟಿನಲ್ಲಿ ಇದಕ್ಕಿಂತ ಹೆಚ್ಚು ಶಿಸ್ತು ಕೇಳುವ ಕೆಲಸ ಯಾವುದಿದೆ, ಹೇಳಿ. 'ಶಿಸ್ತಿರಲಿಲ್ಲ' ಎಂದವರು ಈ ವರ್ಷಗಳನ್ನು ಯಾವ ಲೆಕ್ಕಕ್ಕೆ ಬರೆದುಕೊಂಡಿದ್ದಾರೆ? ಬರೆದುಕೊಂಡೇ ಇಲ್ಲ. ನಮ್ಮ ಪಾಲಿಗೆ ಮನುಷ್ಯ ಅಂದರೆ ಆಡಿದಷ್ಟು ದಿನ.

ಇನ್ನೊಂದು ಸಣ್ಣ ಗಮನಿಕೆ. ಆಡುವಾಗ ನಾವು ಆಟಗಾರರನ್ನು ಏಕವಚನದಲ್ಲಿ ಕರೆಯುತ್ತೇವೆ, ಅದು ಮನೆ ಹುಡುಗನೆಂಬ ಸಲಿಗೆ. ತಂಡದಿಂದ ಬಿದ್ದ ಮೇಲೂ ಅದೇ ಏಕವಚನ, ಆದರೆ ಆಗ ಅದರ ರಾಗವೇ ಬೇರೆ. 'ಹಿಡಿದ ನೋಡು' ಎಂಬಲ್ಲಿನ ಏಕವಚನವನ್ನೂ 'ಹಾಳ್ಮಾಡ್ಕಂಡ' ಎಂಬಲ್ಲಿನ ಏಕವಚನವನ್ನೂ ಒಂದೇ ಬಾಯಲ್ಲಿ ಒಮ್ಮೆ ಹೇಳಿ ನೋಡಿ, ಗೊತ್ತಾಗುತ್ತದೆ.

ಹೋದ ತಿಂಗಳು ದೊಡ್ಡಪ್ಪನನ್ನು ನೋಡಲು ಹೋಗಿದ್ದೆ. ಆಲೆಮನೆ ನಿಂತು ಬಹಳ ವರ್ಷವಾಯಿತು, ಕೊಪ್ಪರಿಗೆ ಹಿತ್ತಲಲ್ಲಿ ಮಗುಚಿ ಬಿದ್ದಿದೆ. ಮಾತು ಕ್ರಿಕೆಟ್ಟಿಗೆ ಬಂತು, ಸದಾನಂದ್‌ಗೆ ಬಂತು, ನಲವತ್ತು ವರ್ಷದ ಅದೇ ತೀರ್ಪು ಬಂತು. ವಾದ ಮಾಡಲು ಬಾಯಿ ತೆರೆದವನು ಸುಮ್ಮನಾಗಿ ಮೊಬೈಲಿನಲ್ಲಿ ಆ ಫೈನಲ್ಲಿನ ವಿಡಿಯೊ ಹುಡುಕಿ ಕೈಗೆ ಕೊಟ್ಟೆ. ಆಗ ಹೊಳೆಯಿತು, ಅವರು ಅದನ್ನು ಕೇಳಿದ್ದರೇ ವಿನಾ ಒಮ್ಮೆಯೂ ನೋಡಿರಲಿಲ್ಲ. ಕನ್ನಡಕ ಮೇಲೇರಿಸಿ ಪರದೆ ಹತ್ತಿರ ಹಿಡಿದುಕೊಂಡರು. ಮಿಯಾಂದಾದ್ ಮುಂದೆ ಬಂದ, ಚೆಂಡು ತಪ್ಪಿತು, ಸ್ಟಂಪಿನ ಹಿಂದೆ ಏನೋ ಮಿಂಚಿದ ಹಾಗಾಯಿತು.

"ಯಾರ್ಲಾ ಇವ್ನು, ಕೀಪರು?"

"ಅವನೇ ದೊಡ್ಡಪ್ಪ."

ಅವರು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಹೆಬ್ಬೆರಳಿನಿಂದ ಪರದೆ ಒರೆಸಿದರು. "ಇನ್ನೊಂದ್ಸತಿ ಹಾಕ್ಲಾ" ಅಂದರು.